ಹರಿಕೇನ್ ಬರುವ ಮುನ್ನ ಊರು ಬಿಡುವುದು: ಯಾವಾಗ, ಎಲ್ಲಿಗೆ, ಹೇಗೆ

2024ರ ಅಕ್ಟೋಬರ್ 7, ಸೋಮವಾರ. ಫ್ಲೋರಿಡಾದ ಟ್ಯಾಂಪಾದಲ್ಲಿ ನಮ್ಮ ಬೀದಿಯ ಎರಡೂ ಬದಿಯಲ್ಲಿ ನೆನೆದು ಊದಿದ ಸೋಫಾಗಳು, ಹಾಸಿಗೆಗಳು, ಗೋಡೆಯಿಂದ ಕಿತ್ತ ಹಲಗೆಗಳು ರಾಶಿ ಬಿದ್ದಿದ್ದವು. ಹನ್ನೊಂದು ದಿನಗಳ ಹಿಂದೆ ಹೆಲೀನ್ ಎಂಬ ಹರಿಕೇನ್ (ಚಂಡಮಾರುತ) ತಂದ ಕಡಲ ನೀರು ಬಿಟ್ಟುಹೋದ ಗುರುತು ಅದು. ಆ ಕಸ ಎತ್ತುವ ಮೊದಲೇ ಮುಂದಿನ ಹರಿಕೇನ್ ಮಿಲ್ಟನ್ ಅತ್ಯಂತ ತೀವ್ರವಾದ ಐದನೇ ದರ್ಜೆಗೆ ಏರಿದ ಸುದ್ದಿ ಬಂತು. ತೆರವಿನ ಆದೇಶವೂ ಅದೇ ದಿನ ಹೊರಬಿತ್ತು. ನಾವು ಮಧ್ಯಾಹ್ನದ ಹೊತ್ತಿಗೆ ಹೊರಟೆವು. ಎಂದಿನ ದಿನ ಒಂದೂವರೆ ಗಂಟೆಯ ದಾರಿಗೆ ಐದು ಗಂಟೆ ಹಿಡಿಯಿತು. ಪಕ್ಕದ ಮನೆಯವರು ಮಂಗಳವಾರ ಸಂಜೆಯವರೆಗೂ ಮೀನಮೇಷ ಎಣಿಸುತ್ತಾ ಕುಳಿತರು. ಅವರು ಹೊರಟಾಗ ಬಂಕ್‌ಗಳಲ್ಲಿ ಪೆಟ್ರೋಲ್ ಮುಗಿದಿತ್ತು. ಅರ್ಧ ದಾರಿಯಲ್ಲಿ ಒಂದು ಶಾಲೆಯ ಆಶ್ರಯ ಕೇಂದ್ರ ಸಿಕ್ಕಿದ್ದು ಅವರ ಪುಣ್ಯ.

ನಮ್ಮ ಎರಡು ಮನೆಗಳ ನಡುವಿನ ವ್ಯತ್ಯಾಸ ಜಾಣತನದ್ದಲ್ಲ, ಧೈರ್ಯದ್ದೂ ಅಲ್ಲ. ಹೊರಡುವ ತೀರ್ಮಾನವನ್ನು ನಾವು ಜೂನ್ ತಿಂಗಳಲ್ಲೇ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆವು. ಆದೇಶ ಬಂದ ದಿನ ನಾವು ಯೋಚಿಸಲಿಲ್ಲ, ಹೊರಟೆವು ಅಷ್ಟೇ. ಫ್ಲೋರಿಡಾ, ಟೆಕ್ಸಾಸ್, ಲೂಸಿಯಾನ, ಕೆರೊಲಿನಾ ಕರಾವಳಿಯಲ್ಲಿ ಈಗ ಸಾಕಷ್ಟು ಕನ್ನಡ ಮನೆಗಳಿವೆ. ಅವರಲ್ಲಿ ಅನೇಕರಿಗೆ ಇದು ಮೊದಲ ಹರಿಕೇನ್ ಋತು ಇರಬಹುದು. ಅಂಥವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ: ನಿಮ್ಮ ವಲಯ ಯಾವುದು?

ಅಟ್ಲಾಂಟಿಕ್ ಹರಿಕೇನ್ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಅದು ಶುರುವಾಗುವ ಮೊದಲೇ ನಿಮ್ಮ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ತುರ್ತು ನಿರ್ವಹಣೆ ವಿಭಾಗದ ಜಾಲತಾಣದಲ್ಲಿ ಮನೆಯ ವಿಳಾಸ ಹಾಕಿ ತೆರವು ವಲಯವನ್ನು ತಿಳಿದುಕೊಳ್ಳಿ. ಫ್ಲೋರಿಡಾದಲ್ಲಿ ವಲಯಗಳನ್ನು ಎ, ಬಿ, ಸಿ ಎಂದು ಅಕ್ಷರಗಳಿಂದ ಕರೆಯುತ್ತಾರೆ. ಮೊದಲು ಖಾಲಿ ಮಾಡಬೇಕಾದದ್ದು ಎ. ಹ್ಯೂಸ್ಟನ್ ಸುತ್ತಮುತ್ತ ಪಿನ್‌ಕೋಡ್ ಆಧರಿಸಿ ವಲಯ ಮಾಡಿದ್ದಾರೆ. ನ್ಯೂಯಾರ್ಕ್ ನಗರದಲ್ಲಿ 1ರಿಂದ 6ರವರೆಗೆ ಅಂಕಿಗಳಿವೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. ವಿಮೆಯವರು, ಬ್ಯಾಂಕಿನವರು ಹೇಳುವ ‘ಪ್ರವಾಹ ವಲಯ’ ಬೇರೆ, ‘ತೆರವು ವಲಯ’ ಬೇರೆ. ಮನೆ ಕೊಳ್ಳುವಾಗ ‘ನಿಮ್ಮದು ಪ್ರವಾಹ ವಲಯವಲ್ಲ’ ಎಂದು ಯಾರೋ ಹೇಳಿದ್ದನ್ನು ನಂಬಿ, ಕಡಲ ನೀರು ನುಗ್ಗುವ ವಲಯದಲ್ಲಿ ನೆಮ್ಮದಿಯಿಂದ ಕುಳಿತವರನ್ನು ನಾನು ನೋಡಿದ್ದೇನೆ. ಹೊರಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ತೆರವು ವಲಯ.

ವಲಯವನ್ನು ಬರೆದಿರುವುದು ನೀರಿನ ಲೆಕ್ಕದಲ್ಲಿ, ಗಾಳಿಯ ಲೆಕ್ಕದಲ್ಲಲ್ಲ. ಟಿವಿಯಲ್ಲಿ ಹಾರುವ ಚಾವಣಿ, ಬಾಗುವ ತೆಂಗಿನ ಮರ ಕಾಣಿಸುತ್ತವೆ. ಆದರೆ ಕೊಲ್ಲುವುದು ಹೆಚ್ಚಾಗಿ ನೀರು. ಅಮೆರಿಕದಲ್ಲಿ 1963ರಿಂದ 2012ರವರೆಗೆ ಇಂಥ ಚಂಡಮಾರುತಗಳ ನೇರ ಹೊಡೆತಕ್ಕೆ ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಬಲಿ ತೆಗೆದುಕೊಂಡಿದ್ದು ಸ್ಟಾರ್ಮ್ ಸರ್ಜ್, ಅಂದರೆ ಗಾಳಿ ದಡದತ್ತ ತಳ್ಳಿಕೊಂಡು ಬರುವ ಕಡಲ ನೀರು. ಕಾಲು ಭಾಗಕ್ಕಿಂತ ತುಸು ಹೆಚ್ಚು ಮಂದಿಯನ್ನು ಕೊಂದದ್ದು ಮಳೆ ತಂದ ಪ್ರವಾಹ. ಗಾಳಿಯಿಂದ ಸತ್ತವರು ಹತ್ತರಲ್ಲಿ ಒಬ್ಬರನ್ನೂ ಮೀರುವುದಿಲ್ಲ. ಹಾಗಾಗಿ ಇಲ್ಲಿನ ತುರ್ತು ಸಿಬ್ಬಂದಿಯ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ: ನೀರಿನಿಂದ ಓಡಿ, ಗಾಳಿಯಿಂದ ಅಡಗಿ. ವಲಯದ ಹೊರಗೆ ಗಟ್ಟಿ ಮನೆಯಲ್ಲಿ ಇರುವವರು ಎಲ್ಲಿಗೂ ಓಡಬೇಕಾಗಿಲ್ಲ. ಅವರು ಉಳಿದರೆ ನಿಜವಾಗಿ ಹೋಗಬೇಕಾದವರಿಗೆ ರಸ್ತೆ ಸಿಗುತ್ತದೆ.

ಇದಕ್ಕೆ ಎರಡು ಅಪವಾದಗಳಿವೆ. ಮೊಬೈಲ್ ಹೋಮ್‌ನಲ್ಲಿ (ಕಾರ್ಖಾನೆಯಲ್ಲಿ ಕಟ್ಟಿ ತಂದು ನಿಲ್ಲಿಸುವ ಹಗುರ ಮನೆ) ಇರುವವರು ಯಾವ ವಲಯದಲ್ಲಿದ್ದರೂ ಹೊರಡಬೇಕು. ಆ ಮನೆಗಳು ಹರಿಕೇನ್ ಗಾಳಿಗೆ ನಿಲ್ಲುವಂಥವಲ್ಲ. ಎರಡನೆಯದು, ಆಮ್ಲಜನಕದ ಯಂತ್ರವೋ ಡಯಾಲಿಸಿಸ್ಸೋ ಬೇಕಾದವರು. ವಿದ್ಯುತ್ ಹೋಗಿ ವಾರ ಕಳೆದರೂ ಬರದಿರಬಹುದು. ಹಾಗೆಯೇ ಎತ್ತರದ ಅಪಾರ್ಟ್‌ಮೆಂಟ್‌ನ ಹದಿನೈದನೇ ಮಹಡಿಯಲ್ಲಿದ್ದೇವೆ, ನೀರು ಅಲ್ಲಿಗೆ ಏರುವುದಿಲ್ಲ ಎಂದು ವಾದಿಸುವವರೂ ಇದ್ದಾರೆ. ನೀರು ಏರುವುದಿಲ್ಲ, ನಿಜ. ಲಿಫ್ಟ್ ನಿಲ್ಲುತ್ತದೆ, ನಲ್ಲಿಯಲ್ಲಿ ನೀರು ನಿಲ್ಲುತ್ತದೆ, ಕೆಳಗೆ ಕಡಲು ನಿಂತಿರುತ್ತದೆ, ಆಂಬುಲೆನ್ಸ್ ಬರುವುದಿಲ್ಲ. ಎತ್ತರ ಹೋದಷ್ಟೂ ಗಾಳಿಯ ವೇಗವೂ ಹೆಚ್ಚು. ಆದೇಶ ಬಂದರೆ ಅವರೂ ಇಳಿಯಬೇಕು.

ಮುನ್ಸೂಚನೆಯನ್ನು ಓದುವ ಬಗೆ

ಮಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರ ಆರು ಗಂಟೆಗೊಮ್ಮೆ ಪ್ರಕಟಣೆ ಹೊರಡಿಸುತ್ತದೆ. ಬೇಸಿಗೆ ಕಾಲಮಾನದಲ್ಲಿ, ಪೂರ್ವ ಕರಾವಳಿಯ ಗಡಿಯಾರದಂತೆ ಬೆಳಿಗ್ಗೆ 5 ಮತ್ತು 11, ಸಂಜೆ 5, ರಾತ್ರಿ 11ಕ್ಕೆ. ಕರಾವಳಿಗೆ ಎಚ್ಚರಿಕೆ ಜಾರಿಯಾದ ಮೇಲೆ ನಡುನಡುವೆಯೂ ಕೊಡುತ್ತಾರೆ. ಈ ನಾಲ್ಕು ಹೊತ್ತು ನೋಡಿದರೆ ಸಾಕು. ಉಳಿದ ಹೊತ್ತು ವಾಟ್ಸಾಪ್‌ನಲ್ಲಿ ಬರುವ ಬಣ್ಣಬಣ್ಣದ ನಕ್ಷೆಗಳನ್ನು ನೋಡುತ್ತಾ ಕುಳಿತರೆ ಭಯ ಹೆಚ್ಚುತ್ತದೆ, ತಿಳಿವಳಿಕೆಯಲ್ಲ.

ಎರಡು ಪದಗಳ ವ್ಯತ್ಯಾಸ ಗೊತ್ತಿರಲಿ. ‘ಹರಿಕೇನ್ ವಾಚ್’ ಎಂದರೆ ನಿಮ್ಮ ಪ್ರದೇಶಕ್ಕೆ ಹರಿಕೇನ್ ಬರಬಹುದು. ಇದನ್ನು ಬಿರುಗಾಳಿ ಮುಟ್ಟುವ ಸುಮಾರು 48 ಗಂಟೆ ಮೊದಲು ಹೊರಡಿಸುತ್ತಾರೆ. ‘ಹರಿಕೇನ್ ವಾರ್ನಿಂಗ್’ ಎಂದರೆ ಬರುತ್ತದೆ ಎಂದೇ ಎಣಿಸಿ. ಇದು ಸುಮಾರು 36 ಗಂಟೆ ಮೊದಲು. ಕಡಲ ನೀರಿಗೆ ಪ್ರತ್ಯೇಕವಾಗಿ ‘ಸ್ಟಾರ್ಮ್ ಸರ್ಜ್ ವಾಚ್’, ‘ಸ್ಟಾರ್ಮ್ ಸರ್ಜ್ ವಾರ್ನಿಂಗ್’ ಇವೆ. ಕರಾವಳಿಯವರಿಗೆ ಇವೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ನಕ್ಷೆಯಲ್ಲಿ ಕಾಣುವ ಬಿಳಿಯ ಕೋನ್ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಚಂಡಮಾರುತದ ಕೇಂದ್ರ ಎಲ್ಲೆಲ್ಲಿ ಸಾಗಬಹುದು ಎಂಬುದನ್ನಷ್ಟೇ ಕೋನ್ ತೋರಿಸುತ್ತದೆ. ಅದೂ ಸರಿಸುಮಾರು ಮೂರರಲ್ಲಿ ಎರಡು ಸಲ ಮಾತ್ರ ಕೇಂದ್ರ ಅದರೊಳಗೆ ಉಳಿಯುತ್ತದೆ. ಚಂಡಮಾರುತದ ಅಗಲವನ್ನಾಗಲಿ, ನೀರು ಎಲ್ಲಿ ಏರುತ್ತದೆ ಎಂಬುದನ್ನಾಗಲಿ ಅದು ಹೇಳುವುದಿಲ್ಲ. ಹೆಲೀನ್‌ನ ಕೇಂದ್ರ ಟ್ಯಾಂಪಾದಿಂದ ಸುಮಾರು ನೂರು ಮೈಲಿ ದೂರದ ಕಡಲಿನಲ್ಲೇ ಸಾಗಿತು. ಆದರೂ ನಮ್ಮ ಬೀದಿಗಳಲ್ಲಿ ಸೋಫಾ ತೇಲಿದವು. 2022ರಲ್ಲಿ ಇಯಾನ್ ಟ್ಯಾಂಪಾದತ್ತ ಬರುತ್ತದೆ ಎಂದು ಎಲ್ಲರೂ ಕೋನ್‌ನ ನಡುಗೆರೆಯನ್ನೇ ನೋಡುತ್ತಿದ್ದರು. ಅದು ದಕ್ಷಿಣಕ್ಕೆ ವಾಲಿ, ಸೆಪ್ಟೆಂಬರ್ 28ರಂದು ಲೀ ಕೌಂಟಿಯ ಕಾಯೊ ಕೋಸ್ಟಾ ದ್ವೀಪದ ಬಳಿ ದಡ ಸೇರಿತು. ಅಲ್ಲಿ ಕಡ್ಡಾಯ ತೆರವಿನ ಆದೇಶ ಬಂದಿದ್ದು ಅದರ ಹಿಂದಿನ ದಿನ ಬೆಳಿಗ್ಗೆ. ಲೀ ಕೌಂಟಿ ಅಷ್ಟೂ ದಿನ ಕೋನ್‌ನ ಅಂಚಿನಲ್ಲಿಯೇ ಇತ್ತು.

ದರ್ಜೆಯ ಅಂಕಿಯನ್ನೂ ಪೂರ್ತಿ ನಂಬಬೇಡಿ. ಸಫಿರ್-ಸಿಂಪ್ಸನ್ ಮಾಪಕದ ಒಂದರಿಂದ ಐದರವರೆಗಿನ ದರ್ಜೆಗಳು ಗಾಳಿಯ ವೇಗವನ್ನು ಮಾತ್ರ ಅಳೆಯುತ್ತವೆ. ಗಂಟೆಗೆ 119 ಕಿ.ಮೀ. ಆದರೆ ಒಂದನೇ ದರ್ಜೆ, 252 ಕಿ.ಮೀ. ದಾಟಿದರೆ ಐದು. ‘ಒಂದನೇ ದರ್ಜೆ ತಾನೇ’ ಎಂದು ಉಳಿಯುವವರು ನೀರಿನ ಪ್ರಶ್ನೆಗೆ ಗಾಳಿಯ ಉತ್ತರ ಕೊಡುತ್ತಿದ್ದಾರೆ. ಜೊತೆಗೆ ದರ್ಜೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಬದಲಾಗಬಲ್ಲದು. 2023ರ ಅಕ್ಟೋಬರ್‌ನಲ್ಲಿ ಓಟಿಸ್ ಒಂದೇ ದಿನದಲ್ಲಿ ಸಾಧಾರಣ ಬಿರುಗಾಳಿಯಿಂದ ಐದನೇ ದರ್ಜೆಗೆ ಏರಿ ಮೆಕ್ಸಿಕೊದ ಅಕಾಪುಲ್ಕೊ ನಗರಕ್ಕೆ ಅಪ್ಪಳಿಸಿತು. ಅಲ್ಲಿನವರಿಗೆ ಗಂಟುಮೂಟೆ ಕಟ್ಟಲೂ ಸಮಯವಿರಲಿಲ್ಲ.

ಯಾವಾಗ ಹೊರಡಬೇಕು?

ಇದು ಈ ಲೇಖನದ ಹೃದಯ. ಉಳಿದದ್ದನ್ನೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಎಲ್ಲರೂ ಹರಿಕೇನ್ ದಡ ಮುಟ್ಟುವ ಹೊತ್ತನ್ನು ಗಡುವು ಎಂದುಕೊಳ್ಳುತ್ತಾರೆ. ‘ಬುಧವಾರ ರಾತ್ರಿ ಬರುತ್ತದಂತೆ, ಬುಧವಾರ ಬೆಳಿಗ್ಗೆ ಹೋದರಾಯಿತು.’ ಈ ಲೆಕ್ಕವೇ ತಪ್ಪು. ಗಡುವು ಎಂದರೆ ಗಂಟೆಗೆ 39 ಮೈಲಿ, ಸುಮಾರು 63 ಕಿ.ಮೀ. ವೇಗದ ಗಾಳಿ ನಿಮ್ಮ ಊರಿಗೆ ಬರುವ ಹೊತ್ತು. ಅದು ಚಂಡಮಾರುತದ ಕೇಂದ್ರಕ್ಕಿಂತ ಅರ್ಧ ದಿನ, ಕೆಲವೊಮ್ಮೆ ಒಂದು ದಿನ ಮೊದಲೇ ಬರುತ್ತದೆ. ಆ ಗಾಳಿಯಲ್ಲಿ ಎತ್ತರದ ಸೇತುವೆಗಳನ್ನು ಮುಚ್ಚುತ್ತಾರೆ. ದ್ವೀಪದಲ್ಲೋ ಕೊಲ್ಲಿಯ ಆಚೆಗೋ ಇರುವವರಿಗೆ ಸೇತುವೆ ಮುಚ್ಚಿತೆಂದರೆ ಊರಿನ ಬಾಗಿಲೇ ಮುಚ್ಚಿದಂತೆ. ತಗ್ಗಿನ ರಸ್ತೆಗಳ ಮೇಲೆ ಆ ಹೊತ್ತಿಗಾಗಲೇ ನೀರು ಹತ್ತಿರುತ್ತದೆ.

ಈ ಗಾಳಿ ಬೇಗನೆಂದರೆ ಎಷ್ಟು ಹೊತ್ತಿಗೆ ಬರಬಹುದು ಎಂಬ ಪ್ರತ್ಯೇಕ ನಕ್ಷೆಯನ್ನು ಹರಿಕೇನ್ ಕೇಂದ್ರ ಕೊಡುತ್ತದೆ. ಕೋನ್ ಬಿಟ್ಟು ಅದನ್ನು ತೆರೆಯಿರಿ. ನಿಮ್ಮ ಊರಿಗೆ ಅದು ‘ಬುಧವಾರ ಬೆಳಿಗ್ಗೆ 8’ ಎಂದು ತೋರಿಸಿತು ಎನ್ನಿ. ಹೋಗಬೇಕಾದ ಜಾಗಕ್ಕೆ ಮಾಮೂಲಿ ಎರಡು ಗಂಟೆಯ ದಾರಿ. ಅದನ್ನು ಮೂರರಿಂದ ಗುಣಿಸಿ, ಆರು ಗಂಟೆ. ಹಗಲಿನಲ್ಲೇ ತಲುಪಬೇಕು. ಮುನ್ಸೂಚನೆ ಸರಿದರೆಂದು ಅರ್ಧ ದಿನ ಕೈಯಲ್ಲಿರಲಿ. ಹಿಂದಕ್ಕೆ ಎಣಿಸಿದರೆ ನೀವು ಮಂಗಳವಾರ ಬೆಳಿಗ್ಗೆ ಹೊರಟಿರಬೇಕು. ಸೋಮವಾರ ರಾತ್ರಿಯೇ ಕಾರು ತುಂಬಿರಬೇಕು. ಆದೇಶ ಅದಕ್ಕೂ ಮೊದಲು ಬಂದರೆ ಈ ಲೆಕ್ಕ ಬಿಟ್ಟು ಅದನ್ನೇ ಪಾಲಿಸಿ. ತಗ್ಗಿನ ವಲಯದಲ್ಲಿದ್ದು, ಮನೆಯಲ್ಲಿ ಹಸುಗೂಸೋ ವೃದ್ಧರೋ ಇದ್ದರೆ ಆದೇಶಕ್ಕೂ ಕಾಯಬೇಡಿ. ಸ್ಟಾರ್ಮ್ ಸರ್ಜ್ ವಾಚ್ ಬಂದದ್ದೇ ಹೊರಡಿ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂ ಆರ್ಲಿಯನ್ಸ್ ಇದೆ. 2005ರಲ್ಲಿ ಕತ್ರಿನಾ ಬರುವಾಗ ಅಲ್ಲಿ ಕಡ್ಡಾಯ ತೆರವಿನ ಆದೇಶ ಹೊರಟಿದ್ದು ಆಗಸ್ಟ್ 28ರ ಬೆಳಿಗ್ಗೆ. ಮರುದಿನ ಬೆಳಿಗ್ಗೆ ಚಂಡಮಾರುತ ದಡದಲ್ಲಿತ್ತು. ಒಡ್ಡುಗಳು ಒಡೆದು ನಗರದ ಸುಮಾರು ಶೇ 80 ಭಾಗ ಮುಳುಗಿತು.

ಎಲ್ಲರೂ ಒಮ್ಮೆಗೇ ಓಡಿದರೆ ಏನಾಗುತ್ತದೆ ಎಂಬುದಕ್ಕೆ ಹ್ಯೂಸ್ಟನ್ ಇದೆ. ಕತ್ರಿನಾ ಕಳೆದು ಒಂದು ತಿಂಗಳೂ ಆಗಿರಲಿಲ್ಲ, ರೀಟಾ ಬಂತು. ಹೆದರಿದ್ದ ಜನ, ಹೋಗಬೇಕಾದವರು, ಹೋಗಬೇಕಿಲ್ಲದವರು ಎಲ್ಲರೂ ರಸ್ತೆಗಿಳಿದರು. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಮಂದಿ. ಸುಡುಬಿಸಿಲಿನಲ್ಲಿ ನೂರು ಮೈಲಿ ಉದ್ದಕ್ಕೆ ಕಾರುಗಳು ನಿಂತವು, ಪೆಟ್ರೋಲ್ ಮುಗಿಯಿತು, ಕುಡಿಯುವ ನೀರು ಮುಗಿಯಿತು. ಡಲ್ಲಾಸ್ ಹತ್ತಿರ ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಹೊತ್ತಿ, ಒಳಗಿದ್ದ ಆಮ್ಲಜನಕದ ಸಿಲಿಂಡರುಗಳು ಸಿಡಿದು 23 ಮಂದಿ ತೀರಿಕೊಂಡರು. ಆ ತೆರವಿನಲ್ಲೇ ಒಟ್ಟು ನೂರರ ಆಸುಪಾಸು ಜೀವಗಳು ಹೋದವು. ರೀಟಾ ಕೊನೆಗೆ ಹ್ಯೂಸ್ಟನ್‌ಗೆ ಬರಲೇ ಇಲ್ಲ. ಪೂರ್ವಕ್ಕೆ ಸರಿದು ಲೂಸಿಯಾನದ ಗಡಿಯಲ್ಲಿ ದಡ ಸೇರಿತು. ಈ ಕಥೆಯನ್ನು ಕೇಳಿ ‘ಹಾಗಾದರೆ ಮನೆಯಲ್ಲೇ ಇರೋಣ’ ಎನ್ನುವವರಿದ್ದಾರೆ. ನನಗೆ ಅದರಿಂದ ಬೇರೆಯೇ ಮಾತು ಕೇಳಿಸುತ್ತದೆ: ಹೋಗಬೇಕಾದವರು ಮೊದಲೇ ಹೋಗಬೇಕು, ದೂರ ಹೋಗಬಾರದು.

ಎಲ್ಲಿಗೆ?

ಹತ್ತಾರು ಮೈಲಿ ಸಾಕು, ನೂರಾರು ಮೈಲಿ ಬೇಡ. ನಿಮ್ಮ ವಲಯದಿಂದ ಹೊರಗೆ, ಗಟ್ಟಿಯಾದ ಕಟ್ಟಡದಲ್ಲಿ, ನೀರು ನಿಲ್ಲದ ಎತ್ತರದಲ್ಲಿ ಇರುವ ಸ್ನೇಹಿತರ ಮನೆಯೇ ಎಲ್ಲಕ್ಕಿಂತ ಒಳ್ಳೆಯದು. ಅದು ಇಪ್ಪತ್ತು ಮೈಲಿ ದೂರದಲ್ಲಿದ್ದರೂ ಆದೀತು. ‘ಹೋದರೆ ಅಟ್ಲಾಂಟಾಗೇ ಹೋಗಿಬಿಡೋಣ’ ಎಂದು ಹೊರಟವರು ಹನ್ನೆರಡು, ಹದಿನಾಲ್ಕು ಗಂಟೆ ಹೆದ್ದಾರಿಯಲ್ಲಿ ಕಳೆಯುತ್ತಾರೆ. ಚಂಡಮಾರುತವೂ ಅದೇ ದಿಕ್ಕಿಗೆ ತಿರುಗಿದರೆ ಮತ್ತೆ ಓಡಬೇಕು. ಹೆಲೀನ್ ನೆನಪಿರಲಿ: ಫ್ಲೋರಿಡಾದಲ್ಲಿ ದಡ ಸೇರಿದ ಅದು ನೂರಾರು ಮೈಲಿ ಒಳಗಿನ, ಉತ್ತರ ಕೆರೊಲಿನಾದ ಆಶ್‌ವಿಲ್ ಸುತ್ತಲಿನ ಬೆಟ್ಟಗಳಲ್ಲಿ ಭೀಕರ ಪ್ರವಾಹ ತಂದಿತು. ನೀವು ಹೋಗುವ ಜಾಗ ಹೊಳೆಯ ಪಕ್ಕದ್ದೋ ಎಂಬುದನ್ನೂ ನೋಡಿಕೊಳ್ಳಿ.

ಎರಡು ಬೇರೆ ದಿಕ್ಕಿನಲ್ಲಿ ಎರಡು ಮನೆಗಳನ್ನು ಗೊತ್ತು ಮಾಡಿಕೊಳ್ಳಿ. ಮೇ ತಿಂಗಳಲ್ಲೇ ಬಾಯಿಬಿಟ್ಟು ಕೇಳಿ. ‘ಬೇಕಾದರೆ ಬರುತ್ತೇವೆ, ಆಗಬಹುದಾ?’ ಎಂದು ಕೇಳಲು ಸಂಕೋಚ ಬೇಡ. ಋತು ಬಂದ ಮೇಲೆ ಆ ಸಂಕೋಚವೇ ಒಂದು ದಿನ ತಿನ್ನುತ್ತದೆ. ಹೋಟೆಲ್ ಆದರೆ ವಾಚ್ ಬರುವುದಕ್ಕೂ ಮೊದಲೇ, ಹಣ ವಾಪಸು ಸಿಗುವ ಷರತ್ತಿನಲ್ಲಿ ಕಾಯ್ದಿರಿಸಿ. ವಿಮಾನವನ್ನು ನೆಚ್ಚಿಕೊಳ್ಳಬೇಡಿ. ಗಾಳಿ ಏರುವ ಬಹಳ ಮುಂಚೆಯೇ ನಿಲ್ದಾಣ ಮುಚ್ಚುತ್ತಾರೆ.

ಕೌಂಟಿಯ ಆಶ್ರಯ ಕೇಂದ್ರ ಕೊನೆಯ ಆಯ್ಕೆ, ಆದರೆ ನಾಚಿಕೆಯ ಆಯ್ಕೆಯಲ್ಲ. ಶಾಲೆಯ ಜಿಮ್‌ನಲ್ಲಿ ನೆಲದ ಮೇಲೆ ಮಲಗಬೇಕು, ದೀಪ ಆರಿಸುವುದಿಲ್ಲ, ಗದ್ದಲ ಇರುತ್ತದೆ. ಹೊದಿಕೆ, ದಿಂಬು ನೀವೇ ಒಯ್ಯಬೇಕು. ಯಾವ ಕೇಂದ್ರ ತೆರೆದಿದೆ ಎಂಬುದು ಆ ದಿನವೇ ತಿಳಿಯುವುದು. ಅನೇಕ ಕಡೆ 211ಕ್ಕೆ ಕರೆ ಮಾಡಿದರೆ ಹೇಳುತ್ತಾರೆ. ನಾಯಿ ಬೆಕ್ಕುಗಳನ್ನು ಬಿಟ್ಟು ಬರಲಾರದೆ ಕತ್ರಿನಾದಲ್ಲಿ ಅನೇಕರು ಮನೆಯಲ್ಲೇ ಉಳಿದರು. ಅದಾದ ಮರುವರ್ಷ, 2006ರಲ್ಲಿ, ತೆರವಿನ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂಬ ಒಕ್ಕೂಟ ಕಾನೂನು ಬಂತು. ಆದರೂ ಎಲ್ಲ ಕೇಂದ್ರಗಳೂ ಪ್ರಾಣಿಗಳನ್ನು ಸೇರಿಸುವುದಿಲ್ಲ. ಯಾವುದು ಸೇರಿಸುತ್ತದೆ ಎಂದು ಮೊದಲೇ ಕೇಳಿ. ಪಂಜರ ಮತ್ತು ಲಸಿಕೆಯ ಕಾಗದ ಕೈಯಲ್ಲಿರಲಿ. ವೈದ್ಯಕೀಯ ನೆರವು ಬೇಕಾದವರಿಗೆ ಪ್ರತ್ಯೇಕ ಕೇಂದ್ರಗಳಿವೆ. ಅದಕ್ಕೆ ಋತುವಿನ ಮೊದಲೇ ಹೆಸರು ನೋಂದಾಯಿಸಿಕೊಳ್ಳಬೇಕು.

ಕಾರು ಇಲ್ಲದವರು

ಓದಲು ಈಗಷ್ಟೇ ಬಂದ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಕಾರಿರುವುದಿಲ್ಲ. ಕತ್ರಿನಾದಲ್ಲಿ ಸಿಕ್ಕಿಬಿದ್ದವರಲ್ಲಿ ಬಹಳ ಮಂದಿ ಕಾರಿಲ್ಲದವರೇ. ಆ ಪಾಠದಿಂದ ನ್ಯೂ ಆರ್ಲಿಯನ್ಸ್ ನಗರ 17 ಕಡೆಗಳಲ್ಲಿ ಜನರನ್ನು ಹತ್ತಿಸಿಕೊಳ್ಳುವ ತಾಣಗಳನ್ನು ಗುರುತಿಸಿದೆ. ಒಂದೊಂದು ತಾಣದಲ್ಲೂ ಕೈ ಎತ್ತಿ ನಿಂತ ಮನುಷ್ಯನ ದೊಡ್ಡ ಉಕ್ಕಿನ ಆಕೃತಿ ಇದೆ. ಅಲ್ಲಿಗೆ ನಡೆದು ಹೋದರೆ ಸಾಕು, ಬಸ್ಸು ಉಚಿತ. ಬೇರೆ ಅನೇಕ ಕೌಂಟಿಗಳಲ್ಲೂ ತೆರವಿನ ಹೊತ್ತು ನಗರದ ಬಸ್ಸುಗಳನ್ನು ಆಶ್ರಯ ಕೇಂದ್ರಗಳಿಗೆ ಓಡಿಸುತ್ತಾರೆ. ಗಾಳಿ ಏರುವ ಮೊದಲೇ ಅವು ನಿಲ್ಲುತ್ತವೆ ಎಂಬುದು ಗೊತ್ತಿರಲಿ. ಕಾರಿರುವವರಿಗೆ ಒಂದು ಬಿನ್ನಹ: ಹೊರಡುವ ಮುನ್ನ ಪರಿಚಯದ ವಿದ್ಯಾರ್ಥಿಗಳಿಗೆ ಒಂದು ಕರೆ ಮಾಡಿ. ಹಿಂದಿನ ಸೀಟು ಖಾಲಿ ಹೋಗುವುದು ಬೇಡ.

ಚೀಲದಲ್ಲಿ ಏನಿರಬೇಕು

ಪಟ್ಟಿಗಳು ಎಲ್ಲೆಡೆ ಸಿಗುತ್ತವೆ, ಹಾಗಾಗಿ ಜನ ಮರೆಯುವುದನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ಕಾಗದಪತ್ರ. ಪಾಸ್‌ಪೋರ್ಟ್, ವೀಸಾದ ಐ-797 ಅನುಮೋದನೆ ಪತ್ರ, ಐ-94 (ಅಮೆರಿಕ ಪ್ರವೇಶದ ದಾಖಲೆ) ಪ್ರತಿ, ಗ್ರೀನ್ ಕಾರ್ಡ್ ಅಥವಾ ಒಸಿಐ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ, ವಿಮೆಯ ಪತ್ರಗಳು. ಇವು ನೆನೆದು ಹಾಳಾದರೆ ಮತ್ತೆ ಪಡೆಯುವುದು ತಿಂಗಳುಗಳ ಕೆಲಸ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೊಬೈಲ್‌ನಲ್ಲಿ ಫೋಟೊ ತೆಗೆದು, ಬೇರೆ ಊರಿನ ಒಬ್ಬರಿಗೆ ಕಳಿಸಿಡಿ. ಹಾಗೆಯೇ ಮನೆಯ ವಿಳಾಸ ಇರುವ ಒಂದು ಬಿಲ್ಲೂ ಬೇಕು. ಹಾನಿಯಾದ ಬಡಾವಣೆಗಳಿಗೆ ವಾಪಸು ಬಿಡುವಾಗ ಪೊಲೀಸರು ‘ಇಲ್ಲಿಯ ನಿವಾಸಿ ಎಂಬುದಕ್ಕೆ ಪುರಾವೆ’ ಕೇಳುತ್ತಾರೆ.

ಎರಡನೆಯದು ಔಷಧ. ಕನಿಷ್ಠ ಎರಡು ವಾರಕ್ಕೆ ಸಾಕಾಗುವಷ್ಟು ಇರಲಿ. ಫ್ಲೋರಿಡಾದಲ್ಲಿ ಹರಿಕೇನ್ ವಾರ್ನಿಂಗ್ ಅಥವಾ ತುರ್ತುಸ್ಥಿತಿ ಘೋಷಣೆ ಇದ್ದಾಗ 30 ದಿನಗಳ ಔಷಧವನ್ನು ಅವಧಿಗೆ ಮೊದಲೇ ತುಂಬಿಸಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ಬಳಕೆಯಲ್ಲಿರುವ ಇನ್ಸುಲಿನ್ ಬಹುತೇಕ ಬಗೆಗಳು 30 ಡಿಗ್ರಿ ಸೆಲ್ಸಿಯಸ್ ಒಳಗೆ ಸುಮಾರು 28 ದಿನ ಫ್ರಿಜ್ ಇಲ್ಲದೆಯೂ ತಡೆಯುತ್ತವೆ. ಆದರೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಐಸ್‌ಗೆ ನೇರವಾಗಿ ತಾಗಿಸಲೂ ಬಾರದು.

ಅಪ್ಪ ಅಮ್ಮ ಊರಿನಿಂದ ಬಂದಿದ್ದರೆ ಅವರ ಮಾತ್ರೆಗಳ ಬಗ್ಗೆ ಎರಡು ಪಟ್ಟು ಎಚ್ಚರಿಕೆ ಬೇಕು. ಆ ಹೆಸರುಗಳು ಇಲ್ಲಿನ ಅಂಗಡಿಯಲ್ಲಿ ಅರ್ಥವಾಗುವುದಿಲ್ಲ. ಮಿಲ್ಟನ್ ದಿನ ನಮ್ಮ ಅಮ್ಮನ ಕೈಚೀಲದಲ್ಲಿ ಮಾತ್ರೆಯ ಹಾಳೆಗಳಿದ್ದವು, ಯಾವುದರ ಮೇಲೂ ಪೂರ್ತಿ ಹೆಸರು ಉಳಿದಿರಲಿಲ್ಲ. ಕತ್ತರಿಸಿ ಕತ್ತರಿಸಿ ಬರೀ ಬೆಳ್ಳಿಯ ಚೂರುಗಳು. ದಾರಿಯಲ್ಲಿ ರಕ್ತದೊತ್ತಡದ್ದು ಯಾವುದು, ಥೈರಾಯ್ಡ್‌ನದು ಯಾವುದು ಎಂದು ಬಣ್ಣ ನೋಡಿ ಗುರುತಿಸಬೇಕಾಯಿತು. ಈಗ ಪ್ರತಿ ಮಾತ್ರೆಯ ಮೂಲ ಔಷಧದ ಹೆಸರು, ಪ್ರಮಾಣ, ಹೊತ್ತು ಇಷ್ಟನ್ನೂ ಇಂಗ್ಲಿಷಿನಲ್ಲಿ ಬರೆದು ಅವರ ಪರ್ಸಿನಲ್ಲಿ ಇಟ್ಟಿದ್ದೇನೆ. ಅದೇ ಚೀಟಿಯ ಹಿಂದೆ ನಮ್ಮ ಫೋನ್ ಸಂಖ್ಯೆ, ನಾವು ಹೋಗುವ ಮನೆಯ ವಿಳಾಸ. ಗದ್ದಲದಲ್ಲಿ ಬೇರೆಯಾದರೆ, ಇಂಗ್ಲಿಷ್ ಬಾರದ ಹಿರಿಯರ ಪಾಲಿಗೆ ಆ ಚೀಟಿಯೇ ಬಾಯಿ.

ಉಳಿದಂತೆ: ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನದ ನೀರು, ಬೇಯಿಸದೆ ತಿನ್ನಬಹುದಾದ ಆಹಾರ, ನಗದು (ವಿದ್ಯುತ್ ಇಲ್ಲದೆ ಕಾರ್ಡ್ ನಡೆಯುವುದಿಲ್ಲ, ಹಾಗಾಗಿ ಸಣ್ಣ ನೋಟುಗಳು), ಟಾರ್ಚ್, ಪವರ್ ಬ್ಯಾಂಕ್, ಬ್ಯಾಟರಿ ರೇಡಿಯೊ, ಕಾಗದದ ರಸ್ತೆ ನಕ್ಷೆ, ಗಟ್ಟಿ ಬೂಟು, ಕನ್ನಡಕದ ಇನ್ನೊಂದು ಜೋಡಿ.

ಮನೆಗೆ ಎರಡು ಗಂಟೆ, ಅದಕ್ಕಿಂತ ಹೆಚ್ಚು ಬೇಡ

ಮೊಬೈಲ್ ಹಿಡಿದು ಪ್ರತಿ ಕೋಣೆಯ ವಿಡಿಯೊ ಮಾಡಿ. ಕಪಾಟು ತೆರೆದು, ಫ್ರಿಜ್ಜಿನ ಹಿಂದಿನ ಕ್ರಮಸಂಖ್ಯೆ ಕಾಣುವಂತೆ. ಹೊರಗಿನ ಕುರ್ಚಿ, ಕುಂಡ, ಕಸದ ಡಬ್ಬಿ ಎಲ್ಲವೂ ಒಳಗೆ. ಕಿಟಕಿಗಳಿಗೆ ಶಟರ್ ಅಥವಾ ಪ್ಲೈವುಡ್. ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸುವ ಹಳೆಯ ರೂಢಿ ಇನ್ನೂ ಹೋಗಿಲ್ಲ. ಅದರಿಂದ ಗಾಜು ಒಡೆಯುವುದು ತಪ್ಪುವುದಿಲ್ಲ, ಚೂರುಗಳು ಇನ್ನೂ ದೊಡ್ಡದಾಗಿ ಹಾರುತ್ತವೆ. ನೆಲದ ಮೇಲಿನ ಬೆಲೆಬಾಳುವ ವಸ್ತುಗಳನ್ನು ಮೇಲಿನ ಮಹಡಿಗೋ ಅಟ್ಟಕ್ಕೋ ಸಾಗಿಸಿ. ಮುಖ್ಯ ವಿದ್ಯುತ್ ಸ್ವಿಚ್ ಆರಿಸಿ, ನೀರಿನ ಮುಖ್ಯ ಕವಾಟ ಮುಚ್ಚಿ. ಅನಿಲದ ಕೊಳವೆ ಮುಚ್ಚುವುದಾದರೆ ಮತ್ತೆ ತೆರೆಯಲು ಕಂಪನಿಯವರೇ ಬರಬೇಕು ಎಂಬುದು ನೆನಪಿರಲಿ. ಮುಖ್ಯ ಸ್ವಿಚ್ ಆರಿಸದೆ ಫ್ರಿಜ್ ಓಡಲು ಬಿಡುವುದಾದರೆ ಫ್ರೀಜರಿನಲ್ಲಿ ಒಂದು ಲೋಟ ನೀರು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ನಾಣ್ಯ ಇಟ್ಟು ಹೋಗಿ.

ಒಂದು ಕೆಲಸವನ್ನು ಮಾತ್ರ ಈ ಎರಡು ಗಂಟೆಯಲ್ಲಿ ಮಾಡಲಾಗುವುದಿಲ್ಲ: ವಿಮೆ. ಸಾಮಾನ್ಯ ಗೃಹ ವಿಮೆ, ಬಾಡಿಗೆದಾರರ ವಿಮೆ ಎರಡರಲ್ಲೂ ಪ್ರವಾಹದ ಹಾನಿ ಸೇರಿರುವುದಿಲ್ಲ. ರಾಷ್ಟ್ರೀಯ ಪ್ರವಾಹ ವಿಮೆ ಕೊಂಡರೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ. ಚಂಡಮಾರುತ ನಕ್ಷೆಯಲ್ಲಿ ಕಂಡ ಮೇಲೆ ಕೊಂಡರೆ ಆ ಸಲಕ್ಕೆ ಪ್ರಯೋಜನವಿಲ್ಲ.

ದಾರಿಯಲ್ಲಿ

ಋತುವಿನುದ್ದಕ್ಕೂ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಕಡಲಿನಲ್ಲಿ ಏನಾದರೂ ರೂಪುಗೊಂಡ ಸುದ್ದಿ ಬಂದ ದಿನ ಪೂರ್ತಿ ತುಂಬಿಸಿ. ವಿದ್ಯುತ್ ಕಾರಾದರೆ ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿ, ಒಂದೇ ಚಾರ್ಜಿನಲ್ಲಿ ತಲುಪುವ ಜಾಗವನ್ನೇ ಆರಿಸಿ. ಹತ್ತಿರದ ಜಾಗ ಆರಿಸಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಎರಡು ಕಾರಿದ್ದರೆ ಒಂದರಲ್ಲೇ ಹೋಗಿ. ಇನ್ನೊಂದನ್ನು ಎತ್ತರದ ಪಾರ್ಕಿಂಗ್ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಬಿಡಿ. ವಿದ್ಯುತ್ ಕಾರನ್ನಂತೂ ನೀರು ಬರುವ ಗ್ಯಾರೇಜಿನಲ್ಲಿ ಬಿಡಲೇಬಾರದು. ಉಪ್ಪುನೀರಿನಲ್ಲಿ ಮುಳುಗಿದ ಬ್ಯಾಟರಿಗಳು ಆಮೇಲೆ ಬೆಂಕಿ ಹತ್ತಿಕೊಂಡ ಪ್ರಸಂಗಗಳು ಇಯಾನ್ ನಂತರ ಫ್ಲೋರಿಡಾದಲ್ಲಿ ನಡೆದಿವೆ.

ಅಧಿಕೃತ ತೆರವು ಮಾರ್ಗಗಳ ನೀಲಿ ಫಲಕಗಳನ್ನು ಅನುಸರಿಸಿ. ಮೊಬೈಲ್ ತೋರಿಸುವ ಒಳದಾರಿ ಬೇಗನೆ ತಲುಪಿಸುವಂತೆ ಕಂಡರೂ ಅದು ತಗ್ಗಿನ, ನೀರು ನಿಲ್ಲುವ ಹಳ್ಳಿಯ ರಸ್ತೆ ಇರಬಹುದು. ಕೆಲವು ರಾಜ್ಯಗಳಲ್ಲಿ ಹೆದ್ದಾರಿಯ ಎರಡೂ ಬದಿಯ ಲೇನ್‌ಗಳನ್ನು ಹೊರಹೋಗುವವರಿಗೇ ಬಿಡುತ್ತಾರೆ. ಆ ಲೇನಿಗೆ ಇಳಿದರೆ ಬಹಳ ದೂರದವರೆಗೆ ಹೊರಬರುವ ದಾರಿ ಇರುವುದಿಲ್ಲ. ನಿಮ್ಮ ತಿರುವು ಹತ್ತಿರದಲ್ಲಿದ್ದರೆ ಮಾಮೂಲಿ ಲೇನಿನಲ್ಲೇ ಇರಿ. ಫ್ಲೋರಿಡಾದಲ್ಲಿ ಹಾಗೆ ಮಾಡದೆ, ರಸ್ತೆಯ ಅಂಚಿನ ಪಟ್ಟಿಯನ್ನು ಹೆಚ್ಚುವರಿ ಲೇನಾಗಿ ತೆರೆಯುತ್ತಾರೆ. ಫಲಕವೋ ಪೊಲೀಸರೋ ಹೇಳಿದಾಗ ಮಾತ್ರ ಅದರಲ್ಲಿ ಓಡಿಸಿ.

ಹೊರಡುವ ಮೊದಲು ಬೇರೆ ರಾಜ್ಯದಲ್ಲಿರುವ ಒಬ್ಬರಿಗೆ ದಾರಿ, ಕಾರಿನ ಸಂಖ್ಯೆ, ತಲುಪುವ ಹೊತ್ತು ತಿಳಿಸಿ. ಕರೆ ಹೋಗದಿದ್ದರೂ ಎಸ್‌ಎಂಎಸ್ ಹೋಗುತ್ತದೆ. ಊರಿನ ನೆಂಟರಿಗೆಲ್ಲ ಸುದ್ದಿ ಹೇಳುವ ಹೊಣೆಯನ್ನೂ ಅವರಿಗೇ ವಹಿಸಿ. ಇಲ್ಲದಿದ್ದರೆ ನಡುರಸ್ತೆಯಲ್ಲಿ ಹತ್ತು ಕಡೆಯಿಂದ ‘ಎಲ್ಲಿದ್ದೀರಿ’ ಎಂಬ ಕರೆಗಳು ಬಂದು ಬ್ಯಾಟರಿ ಖಾಲಿಯಾಗುತ್ತದೆ.

ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ತಿರುಗಿ ಹೋಗಿ. ಹರಿಯುವ ನೀರು 15 ಸೆಂ.ಮೀ. ಇದ್ದರೆ ನಿಂತ ಮನುಷ್ಯನನ್ನು ಬೀಳಿಸುತ್ತದೆ, 30 ಸೆಂ.ಮೀ. ಸಣ್ಣ ಕಾರನ್ನು ತೇಲಿಸುತ್ತದೆ, 60 ಸೆಂ.ಮೀ. ದೊಡ್ಡ ಗಾಡಿಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹೊರಡುವ ಹೊತ್ತು ಮೀರಿಹೋಗಿ ಗಾಳಿ ಏರಿದ್ದರೆ ಹೆದ್ದಾರಿಗೆ ಇಳಿಯಬೇಡಿ. ಹತ್ತಿರದ ಆಶ್ರಯ ಕೇಂದ್ರ, ಅದೂ ಸಾಧ್ಯವಿಲ್ಲದಿದ್ದರೆ ನೀರಿಗಿಂತ ಎತ್ತರದ, ಗಟ್ಟಿ ಕಟ್ಟಡದ ಒಳಕೋಣೆ. ಕಾರಿನೊಳಗೆ ಚಂಡಮಾರುತವನ್ನು ಎದುರಿಸುವುದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ. ನಡುವೆ ಗಾಳಿ ತಟ್ಟನೆ ನಿಂತು ಆಕಾಶ ತಿಳಿಯಾದರೆ ಹೊರಗೆ ಬರಬೇಡಿ. ಅದು ಚಂಡಮಾರುತದ ಕಣ್ಣು. ಅದು ದಾಟಿದ ಮೇಲೆ ಗಾಳಿ ಎದುರು ದಿಕ್ಕಿನಿಂದ ಬೀಸುತ್ತದೆ.

ವಾಪಸು

ಗಾಳಿ ನಿಂತಿತೆಂದು ಹೊರಟುಬಿಡಬೇಡಿ. ಕೌಂಟಿ ‘ಬರಬಹುದು’ ಎನ್ನುವವರೆಗೆ ಕಾಯಿರಿ. ಬಿದ್ದ ತಂತಿ, ಕುಸಿದ ಸೇತುವೆ, ಒಡೆದ ಚರಂಡಿ, ಇವುಗಳಿಂದ ಸಾಯುವವರು ಚಂಡಮಾರುತ ಕಳೆದ ಮೇಲೆ ಸಾಯುತ್ತಾರೆ. ಹಗಲಿನಲ್ಲಿ ತಲುಪುವಂತೆ ಹೊರಡಿ. ವಾಪಸು ದಾರಿಯಲ್ಲೂ ಪೆಟ್ರೋಲ್ ಸಿಗದಿರಬಹುದು.

ಜನರೇಟರ್ ಬಳಸುವವರು ಅದನ್ನು ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಬಯಲಿನಲ್ಲಿ ಇಡಬೇಕು. ಬಾಗಿಲು ತೆರೆದ ಗ್ಯಾರೇಜಿನಲ್ಲೂ ಬೇಡ. ಅದು ಉಗುಳುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ (ಸಿಒ) ವಾಸನೆಯಿಲ್ಲ, ಬಣ್ಣವಿಲ್ಲ. ಚಂಡಮಾರುತದಿಂದ ಪಾರಾದ ಕುಟುಂಬಗಳು ಮರುದಿನ ನಿದ್ದೆಯಲ್ಲೇ ತೀರಿಕೊಂಡ ಸುದ್ದಿ ಪ್ರತಿ ದೊಡ್ಡ ಹರಿಕೇನ್ ಆದ ಮೇಲೂ ಬರುತ್ತದೆ. ಬ್ಯಾಟರಿಯಿಂದ ನಡೆಯುವ ಸಿಒ ಎಚ್ಚರಿಕೆ ಗಂಟೆಯ ಬೆಲೆ ಹೆಚ್ಚಿಲ್ಲ, ಒಂದನ್ನು ಕೊಂಡಿಡಿ.

ಮನೆಯೊಳಗೆ ಕಾಲಿಡುವ ಮುನ್ನ ಅನಿಲದ ವಾಸನೆ ಬರುತ್ತಿದೆಯೇ ನೋಡಿ. ನೀರು ನಿಂತಿದ್ದರೆ ಮುಖ್ಯ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಮುಟ್ಟಬೇಡಿ. ನಲ್ಲಿ ನೀರನ್ನು ಕುದಿಸಿ ಕುಡಿಯಬೇಕೆಂಬ ಸೂಚನೆ ಇದೆಯೇ ಕೇಳಿ. ಫ್ರಿಜ್ಜಿಗೆ ವಿದ್ಯುತ್ ಹೋಗಿ ನಾಲ್ಕು ಗಂಟೆ ದಾಟಿದ್ದರೆ ಒಳಗಿನ ಬೇಗ ಕೆಡುವ ಆಹಾರವನ್ನೆಲ್ಲ ಎಸೆಯಿರಿ. ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ ತಡೆಯುತ್ತದೆ. ನೀವು ಇಟ್ಟುಹೋದ ಲೋಟದ ನಾಣ್ಯ ಮೇಲೆಯೇ ಇದ್ದರೆ ಮಂಜು ಕರಗಿಲ್ಲ. ನಾಣ್ಯ ತಳದಲ್ಲಿದ್ದರೆ, ಈಗ ಎಷ್ಟೇ ತಣ್ಣಗಿದ್ದರೂ, ನಡುವೆ ಎಲ್ಲವೂ ಕರಗಿ ಮತ್ತೆ ಹೆಪ್ಪುಗಟ್ಟಿದೆ, ಎಸೆಯಿರಿ.

ಗುಡಿಸಲು ಪೊರಕೆ ಎತ್ತುವ ಮೊದಲು ಗೋಡೆಯ ಮೇಲೆ ನೀರು ಬಿಟ್ಟ ಗೆರೆಯ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ, ಪ್ರತಿ ಕೋಣೆಯಲ್ಲೂ. ಹೆಲೀನ್ ಆದಾಗ ನಮ್ಮ ಬೀದಿಯಲ್ಲಿ ಅನೇಕರು ಸಂಕಟ ತಾಳಲಾರದೆ ಎಲ್ಲವನ್ನೂ ಮೊದಲ ದಿನವೇ ತೊಳೆದುಬಿಟ್ಟರು. ವಿಮೆಯವರು ಬಂದು ಗೆರೆ ಎಲ್ಲಿ ಎಂದು ಕೇಳಿದಾಗ ತೋರಿಸಲು ಏನೂ ಉಳಿದಿರಲಿಲ್ಲ.